ಒದ್ದೆಯಾಗದ ಕೂದಲು

ಮಳೆಯಲ್ಲಿ ನೆನೆದು ಬಂದ ಮಗಳು ತಲೆಗೆ ಟವೆಲ್ ಸುತ್ತಿಕೊಂಡೇ ಟಿವಿ ಮುಂದೆ ಕೂತಳು. 'ಟೀನ್ ಬೀಚ್ ಮೂವಿ'. 2013ರದ್ದು.

ಒಬ್ಬ ಹುಡುಗ, ಒಬ್ಬಳು ಹುಡುಗಿ 1962ರ ಸಿನಿಮಾವೊಂದರ ಒಳಗೇ ಹೋಗಿ ಸಿಕ್ಕಿಹಾಕಿಕೊಳ್ಳುತ್ತಾರೆ. ಅಲ್ಲಿ ಸಮುದ್ರದಿಂದ ಎದ್ದು ಬಂದರೂ ಕೂದಲು ಒದ್ದೆಯಾಗಲ್ಲ!

"ಅದ್ಹೇಗಮ್ಮಾ?" ಅಂದಳು, ತಲೆ ಒರೆಸಿಕೊಳ್ಳುತ್ತಾ.

ನನಗೆ 1963ರ 'ಬೀಚ್ ಪಾರ್ಟಿ' ಸಿನಿಮಾ ನೆನಪಾಯಿತು. ಅದರಲ್ಲಿ ನಟಿಸಿದ್ದು ಫ್ರಾಂಕಿ ಅವಲಾನ್, ಆನೆಟ್ ಫ್ಯುನಿಚೆಲ್ಲೊ ಜೋಡಿ. ಆಗ ನಟರನ್ನು ಸ್ಟುಡಿಯೋದಲ್ಲೇ ಅಲೆ ಮೇಲೆ ಜಾರುವ ಸರ್ಫಿಂಗ್ ಹಲಗೆ ಮೇಲೆ ನಿಲ್ಲಿಸಿ, ಹಿಂದಿನ ಪರದೆ ಮೇಲೆ ಅಲೆ ಓಡಿಸುತ್ತಿದ್ದರು. ಇನ್ನು ಕೂದಲು ನೆನೆಯೋದೆಲ್ಲಿಂದ? ಆ ಸುಳ್ಳು ಅಲೆಯ ಮೇಲೆ ಅವರು ನಗುವುದು ಮಾತ್ರ ಎಷ್ಟು ಚೆಂದ! ಮುಂದಿನ ಎರಡೇ ವರ್ಷದಲ್ಲಿ ಅಂಥವೇ ಸಾಲು ಸಾಲು ಸಿನಿಮಾ ಬಂದವು. ಜನರಿಗೂ ಅದೇ ಬೇಕಿತ್ತು.

'ಟೀನ್ ಬೀಚ್'ಗೆ 2015ರಲ್ಲಿ ಎರಡನೇ ಭಾಗ ಬಂತು. ಅದನ್ನೂ ನೋಡಿದೆವು. ಕೊನೆಯಲ್ಲಿ ಇಬ್ಬರಿಗೂ ಹಿಂದಿನದೆಲ್ಲ ಮರೆತುಹೋಗಿರುತ್ತದೆ. ಅದೇ ಕಡಲತೀರದಲ್ಲಿ ಹೊಸಬರ ಹಾಗೆ ಪರಿಚಯ ಮಾಡಿಕೊಳ್ಳುತ್ತಾರೆ. ಅಲ್ಲಿ ನನಗೆ ಗಂಟಲು ಕಟ್ಟಿತು.

"ಮತ್ತೆ ಸಿಕ್ಕರಲ್ಲಮ್ಮಾ, ಯಾಕೆ ಅಳ್ತೀಯಾ?" ಅಂತ ಅದೇ ಒದ್ದೆ ಟವೆಲ್ ಕೊಟ್ಟಳು.

ಮೂರನೇ ಭಾಗ ಬರಲೇ ಇಲ್ಲ. ಬರಬೇಕಿತ್ತು, ಅಲ್ವಾ?