ಕೈ ಮೊದಲು, ಮೈ ಆಮೇಲೆ

ನಮ್ಮ ಗೇಮ್ ಕಂಪನಿಯಲ್ಲಿ ಟೀಮ್‌ಗಳನ್ನೆಲ್ಲ ಬಿಚ್ಚಿ ಹೊಸದಾಗಿ ಕಟ್ಟಿದ್ದು ಕಳೆದ ಮಳೆಗಾಲದಲ್ಲಿ. ಬೆಳಗಾವಿಯ ಟಿಳಕವಾಡಿಯಲ್ಲಿ ಆಫೀಸು, ನಲವತ್ತರ ಹತ್ತಿರ ಜನ, ಮಾಡುವುದು ಮೊಬೈಲ್ ಆಟ. ನಾನು ಅನಿಮೇಷನ್ ವಿಭಾಗ ನೋಡಿಕೊಳ್ಳುತ್ತಿದ್ದೆ. "ಬೆಳಗಾವಿಯಾಗ ಗೇಮ್ ಕಂಪನಿ ಐತೇನ?" ಅಂತ ನೆಂಟರು ಇವತ್ತಿಗೂ ಕೇಳುತ್ತಾರೆ. ಇದೆ. ಉದ್ಯಮಬಾಗದ ಫೌಂಡ್ರಿಗಳಲ್ಲಿ ದುಡಿದವರ ಮಕ್ಕಳು, ಗೋಕಾಕ, ಹುಕ್ಕೇರಿ, ಖಾನಾಪುರದಿಂದ ಬಂದವರು, ಇಲ್ಲೇ ಎಂಜಿನಿಯರಿಂಗ್ ಓದಿ ಪುಣೆಗೂ ಬೆಂಗಳೂರಿಗೂ ಹೋಗದೆ ಉಳಿದವರು, ಎಲ್ಲ ಸೇರಿ ನಡೆಸುತ್ತಿರುವ ಕೆಲಸ ಇದು.

ಆಗ ನಮ್ಮ ಕೈಲಿದ್ದದ್ದು ಕುಸ್ತಿ ಆಟ. ಮ್ಯಾಟ್ ಮೇಲಿನ ಕುಸ್ತಿ ಅಲ್ಲ, ಕೆಂಪು ಮಣ್ಣಿನ ಕುಸ್ತಿ. ಈ ಕಡೆಯ ಜಾತ್ರೆಗಳಲ್ಲಿ ಹಲಗಿ ಬಡಿಯುತ್ತಿದ್ದರೆ ಜನ ಮರ ಹತ್ತಿ ಕೂತು ನೋಡುವ ಕುಸ್ತಿ. ಅದನ್ನು ಫೋನಿನೊಳಗೆ ತರಬೇಕು ಅನ್ನುವುದು ನಮ್ಮೆಲ್ಲರ ಆಸೆ. ಆಸೆಗೇನೂ ಕೊರತೆ ಇರಲಿಲ್ಲ. ಆಟ ಮಾತ್ರ ಮುಂದೆ ಹೋಗುತ್ತಿರಲಿಲ್ಲ.

ಕಾರಣ ನಾವು ಕೂತಿದ್ದ ರೀತಿ. ಚಿತ್ರ ಮತ್ತು ಅನಿಮೇಷನ್‌ನವರು ಮೇಲಿನ ಮಹಡಿ. ಪ್ರೋಗ್ರಾಮರ್‌ಗಳು ಕೆಳಗೆ. ಟೆಸ್ಟಿಂಗ್‌ನವರು ಹಿಂದಿನ ಕೋಣೆ. ಸೌಂಡ್ ಮಾಡುವ ಹುಡುಗ ಒಬ್ಬನೇ, ಹೆಡ್‌ಫೋನ್ ಹಾಕಿಕೊಂಡು ಮೂಲೆಯಲ್ಲಿ. ಒಬ್ಬರಿಂದ ಇನ್ನೊಬ್ಬರಿಗೆ ಕೆಲಸ ಹೋಗುತ್ತಿದ್ದದ್ದು ಟಿಕೆಟ್ ಮೇಲೆ, ಅಂದರೆ ಏನು ಆಗಬೇಕು ಅಂತ ಬರೆದು ಹಾಕುವ ಚೀಟಿ. ಟಿಕೆಟ್ ಬರೆಯಬೇಕು, ಆ ವಿಭಾಗದ ಮುಖ್ಯಸ್ಥರು ನೋಡಬೇಕು, ಸರದಿ ಬರಬೇಕು, ಆಮೇಲೆ ಕೆಲಸ.

ಒಂದು ಉದಾಹರಣೆ ಹೇಳಿದರೆ ಸಾಕು. ನಮ್ಮ ಆಟದಲ್ಲಿ ಬೆರಳು ಒತ್ತಿದರೆ ಪೈಲ್ವಾನ ಎದುರಾಳಿಯ ಸೊಂಟ ಹಿಡಿಯಬೇಕು. ಹಿಡಿಯುವ ಮೊದಲು ಸ್ವಲ್ಪ ಬಗ್ಗಿ, ಭಾರ ಹಿಂದಕ್ಕೆ ಹಾಕಿ, ಆಮೇಲೆ ಮುಂದೆ ನುಗ್ಗುವಂತೆ ನಮ್ಮ ವಿಭಾಗ ಅನಿಮೇಷನ್ ಮಾಡಿತ್ತು. ಅನಿಮೇಷನ್ ಕಲಿಯುವವರಿಗೆ ಮೊದಲ ದಿನಗಳಲ್ಲೇ ಹೇಳಿಕೊಡುವ ಪಾಠ ಅದು: ಯಾವುದೇ ಚಲನೆಗೆ ಮುಂಚೆ ಒಂದು ತಯಾರಿ ಕಾಣಬೇಕು, ಆಗಲೇ ನೋಡುವವರಿಗೆ ತೂಕ ಗೊತ್ತಾಗುವುದು. ಆ ತಯಾರಿಗೆ 12 ಫ್ರೇಮ್, ಅಂದರೆ ಒಂದರ ಹಿಂದೆ ಒಂದು ಬರುವ 12 ಚಿತ್ರ, ಹಿಡಿದಿತ್ತು. ಸೆಕೆಂಡಿಗೆ 30 ಫ್ರೇಮ್ ಲೆಕ್ಕದಲ್ಲಿ 12 ಫ್ರೇಮ್ ಅಂದರೆ 0.4 ಸೆಕೆಂಡ್. ಸಿನಿಮಾದಲ್ಲಿ ಅದು ಏನೂ ಅಲ್ಲ. ಬೆರಳಿಗೆ ಅದು ಬಹಳ. ಆಡಿ ನೋಡಿದ ಹುಡುಗರೆಲ್ಲ ಒಂದೇ ಮಾತು ಹೇಳಿದರು: "ಒತ್ತೀನಿ, ಪೈಲ್ವಾನ ಹಿಡಿಯವಲ್ಲ."

ಟೆಸ್ಟಿಂಗ್‌ನವರು ಟಿಕೆಟ್ ಹಾಕಿದರು. ಅದು ಪ್ರೋಗ್ರಾಮರ್ ಹತ್ತಿರ ಹೋಯಿತು. ಅವರು ತಮ್ಮ ಕೈಲಿದ್ದದ್ದನ್ನು ಮಾಡಿದರು, ಅನಿಮೇಷನ್ ಓಡುವ ವೇಗ ಎರಡು ಪಟ್ಟು ಮಾಡಿದರು. ಈಗ ಪೈಲ್ವಾನ ಬೇಗ ಹಿಡಿಯುತ್ತಿದ್ದ, ಆದರೆ ಕೀಲಿ ಕೊಟ್ಟ ಗೊಂಬೆಯ ಹಾಗೆ ಕುಣಿಯುತ್ತಿದ್ದ. ಅದನ್ನು ನೋಡಿ ನಮ್ಮ ವಿಭಾಗದವರಿಗೆ ಹೊಟ್ಟೆ ಉರಿಯಿತು. ಅವರು ಇನ್ನೊಂದು ಟಿಕೆಟ್ ಹಾಕಿದರು. ವೇಗ ಮೊದಲಿನ ಹಾಗೆ ಆಯಿತು, ಮೊದಲಿನ ದೂರು ವಾಪಸ್ ಬಂತು. ಇದರಲ್ಲೇ ವಾರಗಳು ಹೋದವು. ಯಾರೂ ಸೋಮಾರಿಗಳಲ್ಲ, ಯಾರೂ ಕೆಟ್ಟವರಲ್ಲ. ಎಲ್ಲರೂ ಅವರವರ ಪಾಲಿನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದ್ದರು.

ಮೆಲ್ವಿನ್ ಕಾನ್ವೇ ಎಂಬ ಅಮೆರಿಕದ ಕಂಪ್ಯೂಟರ್ ತಜ್ಞ 1968ರಲ್ಲೇ ಒಂದು ವಿಷಯ ಬರೆದಿದ್ದ. ಒಂದು ಸಂಸ್ಥೆಯ ಜನ ಒಬ್ಬರಿಗೊಬ್ಬರು ಹೇಗೆ ಮಾತಾಡುತ್ತಾರೋ, ಅವರು ಕಟ್ಟುವ ವ್ಯವಸ್ಥೆಯೂ ಅದೇ ಆಕಾರ ಪಡೆಯುತ್ತದೆ ಅಂತ. ನನಗೆ ಅದು ಪುಸ್ತಕದ ಮಾತಾಗಿ ಉಳಿಯಲಿಲ್ಲ. ನಮ್ಮ ಪೈಲ್ವಾನ ಹಿಡಿಯುವ ಮೊದಲು ತಡೆಯುತ್ತಿದ್ದನಲ್ಲ, ಆ ತಡೆ ನಮ್ಮ ಮೇಲಿನ ಮಹಡಿಗೂ ಕೆಳಗಿನ ಮಹಡಿಗೂ ನಡುವೆ ಇದ್ದ ಮೆಟ್ಟಿಲೇ ಆಗಿತ್ತು.

ಹಾಗಾಗಿ ಒಂದು ಬೆಳಿಗ್ಗೆ ಮಾಲೀಕರು ಎಲ್ಲರನ್ನೂ ಹಾಲ್‌ಗೆ ಕರೆದು, ಇನ್ನು ಮುಂದೆ ವಿಭಾಗಗಳಿಲ್ಲ, ಮೂರು ಗುಂಪುಗಳು ಅಂದಾಗ ನನಗೆ ಒಳಗೊಳಗೇ ಸಂತೋಷವಾಯಿತು. ಒಂದು ಗುಂಪು ಕುಸ್ತಿ ಆಟಕ್ಕೆ. ಒಂದು, ಈಗಾಗಲೇ ಜನ ಆಡುತ್ತಿರುವ ನಮ್ಮ ಹಳೆಯ ಆಟಕ್ಕೆ. ಇನ್ನೊಂದು ಚಿಕ್ಕ ಗುಂಪು ಹೊಸ ಪ್ರಯೋಗಕ್ಕೆ. ಪ್ರತಿ ಗುಂಪಿನಲ್ಲೂ ಪ್ರೋಗ್ರಾಮರ್, ಆರ್ಟಿಸ್ಟ್, ಅನಿಮೇಟರ್, ಟೆಸ್ಟರ್ ಒಟ್ಟಿಗೆ ಕೂರಬೇಕು. ತಮ್ಮ ಆಟದ ನಿರ್ಧಾರ ತಾವೇ ತೆಗೆದುಕೊಳ್ಳಬೇಕು.

ಹೊರಗೆ ಜೋರು ಮಳೆ. ಒಳಗೆ ಒಬ್ಬರೂ ಮಾತಾಡಲಿಲ್ಲ. ನನ್ನ ಪಕ್ಕ ಕೂತಿದ್ದ ಹುಕ್ಕೇರಿಯ ಹುಡುಗಿ, ಕೆಲಸಕ್ಕೆ ಸೇರಿ ಇನ್ನೂ ವರ್ಷ ಆಗಿರಲಿಲ್ಲ, ನನ್ನ ಕೈ ಹಿಡಿದು ಮೆಲ್ಲಗೆ ಕೇಳಿದಳು: "ಅಕ್ಕಾ, ನಮ್ಮನ್ನ ತಗೀತಾರಂತೇನ್ರಿ?"

ಅವಳ ಭಯ ಸುಮ್ನೆ ಬಂದದ್ದಲ್ಲ. 2024ರ ಜನವರಿಯಲ್ಲಿ ಮೈಕ್ರೋಸಾಫ್ಟ್ ತನ್ನ ಗೇಮ್ ವಿಭಾಗದಲ್ಲಿ 1900 ಜನರನ್ನು ತೆಗೆಯಿತು. ಆಟ ಕಟ್ಟಲು ನಾವು ದಿನಾ ಬಳಸುವ ಸಾಫ್ಟ್‌ವೇರ್ ಮಾಡುವ ಯೂನಿಟಿ ಕಂಪನಿ ಅದೇ ತಿಂಗಳು ಸುಮಾರು 1800 ಜನರನ್ನು ತೆಗೆಯುವುದಾಗಿ ಹೇಳಿತು. ಫೆಬ್ರವರಿಯಲ್ಲಿ ಸೋನಿ ಪ್ಲೇಸ್ಟೇಷನ್‌ನಲ್ಲಿ ಸುಮಾರು 900. ಈ ಸುದ್ದಿಗಳನ್ನು ನಮ್ಮ ಹುಡುಗರೆಲ್ಲ ಓದಿದ್ದರು. ಬೆಂಗಳೂರಿನಲ್ಲಿ ಒಂದು ಕೆಲಸ ಹೋದರೆ ಪಕ್ಕದ ರಸ್ತೆಯಲ್ಲಿ ಇನ್ನೊಂದು ಹುಡುಕಬಹುದು. ಬೆಳಗಾವಿಯಲ್ಲಿ ಹಾಗಲ್ಲ. ಇಲ್ಲಿ ಗೇಮ್ ಕೆಲಸ ಹೋದರೆ ಊರನ್ನೇ ಬಿಡಬೇಕಾಗುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದಾರೆ, ಸಾಲ ಇದೆ, ಹೊಲ ಇದೆ. ಅಷ್ಟು ಸುಲಭವಾಗಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಹೋಗಿಬಿಡಲು ಆಗುತ್ತಾ?

ಕೊನೆಗೆ ಒಬ್ಬ ಪ್ರೋಗ್ರಾಮರ್ ಎದ್ದು ನಿಂತು ಕೇಳಿಯೇ ಬಿಟ್ಟ. ಮಾಲೀಕರು, "ಯಾರ ಕೆಲಸಾನೂ ಹೋಗಂಗಿಲ್ರಿ, ಒಬ್ಬರದೂ ಇಲ್ಲ" ಅಂದರು. ಮಾತು ನಿಜವಾಗಿತ್ತು, ಯಾರನ್ನೂ ತೆಗೆಯಲಿಲ್ಲ. ಆದರೆ ಅದು ಮೊದಲ ವಾಕ್ಯವಾಗಿರಬೇಕಿತ್ತು. ಅದಕ್ಕೂ ಮೊದಲು ಅವರು ತೋರಿಸಿದ ಚಿತ್ರ, ಬಾಣ, ಚೌಕ ಯಾವುದೂ ಯಾರ ತಲೆಗೂ ಹೋಗಿರಲಿಲ್ಲ. ಜಪಾನಿನ ಗೇಮ್ ಕಂಪನಿ ನಿಂಟೆಂಡೊದ ಅಧ್ಯಕ್ಷರಾಗಿದ್ದ ಸತೋರು ಇವಾಟ 2013ರಲ್ಲಿ ಷೇರುದಾರರ ಮುಂದೆ ಹೇಳಿದ್ದು ಇದನ್ನೇ: ಕೆಲಸ ಹೋಗುತ್ತದೆ ಅಂತ ಹೆದರುವವರು ಜನರ ಮನಸ್ಸು ಮುಟ್ಟುವ ಆಟ ಮಾಡಲಾರರು. ಕಂಪನಿ ನಷ್ಟದಲ್ಲಿದ್ದಾಗ, 2014ರಲ್ಲಿ, ಅವರು ತಮ್ಮ ಸಂಬಳವನ್ನೇ ಅರ್ಧ ಮಾಡಿಕೊಂಡರು. ಗೇಮ್ ಕಂಪನಿ ನಡೆಸುವ ಪ್ರತಿಯೊಬ್ಬರೂ ಇದನ್ನು ತಿಳಿದಿರಬೇಕು ಅಂತ ನನಗೆ ಅನಿಸುತ್ತದೆ.

ಟೀಮ್‌ಗಳನ್ನು ಕೂಡಿಸಿದ್ದಕ್ಕೂ ಇವಾಟ ಕಾಲದ ನಿಂಟೆಂಡೊ ಒಳ್ಳೆಯ ಉದಾಹರಣೆ. ಕೈಯಲ್ಲಿ ಹಿಡಿದು ಆಡುವ ಯಂತ್ರ ಮಾಡುವವರು ಬೇರೆ, ಟಿವಿಗೆ ಜೋಡಿಸುವ ಯಂತ್ರ ಮಾಡುವವರು ಬೇರೆ ಇದ್ದರು. 2013ರಲ್ಲಿ ಆ ಎರಡು ವಿಭಾಗಗಳನ್ನು ಸೇರಿಸಿದರು. 2015ರ ಜುಲೈನಲ್ಲಿ ಇವಾಟ ತೀರಿಕೊಂಡರು. ಅದೇ ಸೆಪ್ಟೆಂಬರ್‌ನಲ್ಲಿ ಆಟ ತಯಾರಿಸುವ ಎರಡು ದೊಡ್ಡ ವಿಭಾಗಗಳೂ ಒಂದಾದವು. 2017ರ ಮಾರ್ಚ್‌ನಲ್ಲಿ ಬಂದ ಅವರ 'ಸ್ವಿಚ್' ಕೈಯಲ್ಲೂ ಆಡಬಹುದಾದ, ಟಿವಿಯಲ್ಲೂ ಆಡಬಹುದಾದ ಒಂದೇ ಯಂತ್ರ. ಎರಡು ಕೋಣೆಯವರು ಒಂದೇ ಕೋಣೆಗೆ ಬಂದದ್ದು ಆ ಯಂತ್ರದಲ್ಲೇ ಕಾಣುತ್ತದೆ, ಅಲ್ವಾ?

ನಮ್ಮ ಮಾಲೀಕರ ಮನಸ್ಸಿನಲ್ಲಿದ್ದದ್ದು ಮಾತ್ರ ಫಿನ್ಲೆಂಡಿನ ಸೂಪರ್‌ಸೆಲ್. 2010ರಲ್ಲಿ ಶುರುವಾಗಿ, 2012ರಲ್ಲಿ ಕ್ಲಾಷ್ ಆಫ್ ಕ್ಲಾನ್ಸ್ ಎಂಬ ಮೊಬೈಲ್ ಆಟ ಕೊಟ್ಟ ಕಂಪನಿ. ಅಲ್ಲಿ ಚಿಕ್ಕ ಚಿಕ್ಕ ಗುಂಪುಗಳೇ ಎಲ್ಲ. ಆಟ ಸರಿಹೋಗುತ್ತಿಲ್ಲ ಅನಿಸಿದರೆ ಅದನ್ನು ನಿಲ್ಲಿಸುವ ಅಧಿಕಾರವೂ ಆ ಗುಂಪಿನದೇ. ಆದರೆ ನಮ್ಮವರು ಒಂದು ವಿಷಯ ಹೇಳಲಿಲ್ಲ, ನಾನು ಅದನ್ನು ಸಭೆಯಲ್ಲಿ ಹೇಳಿದೆ. ವರ್ಷಗಟ್ಟಲೆ ಓಡುವ ಹಳೆಯ ಆಟಗಳಿಗೆ ಚಿಕ್ಕ ಗುಂಪು ಸಾಲದು ಅಂತ ಸೂಪರ್‌ಸೆಲ್ ಕೂಡ ಆಮೇಲೆ ಒಪ್ಪಿಕೊಂಡು ಅವಕ್ಕೆ ಜನರನ್ನು ಹೆಚ್ಚಿಸಿತು. ಹೊಸ ಆಟ ಹುಡುಕುವ ಕೆಲಸ ಬೇರೆ, ನಡೆಯುತ್ತಿರುವ ಆಟ ಸಾಕುವ ಕೆಲಸ ಬೇರೆ. ಮೂರು ಗುಂಪಿಗೂ ಒಂದೇ ಅಳತೆ ಹಾಕಬೇಡಿ ಅಂತ ಕೇಳಿಕೊಂಡೆ. ಹಳೆಯ ಆಟದ ಗುಂಪಿಗೆ ಇನ್ನಿಬ್ಬರನ್ನು ಕೊಟ್ಟರು.

ನನಗೆ ಅದಕ್ಕಿಂತ ದೊಡ್ಡ ಚಿಂತೆ ಹುಕ್ಕೇರಿ ಹುಡುಗಿಯದ್ದು. ಅವಳು ಹೊಸ ಪ್ರಯೋಗದ ಗುಂಪಿಗೆ ಹೋಗಬೇಕಿತ್ತು. ಆ ಗುಂಪಿನಲ್ಲಿ ಅನಿಮೇಟರ್ ಅಂತ ಇರುವವಳು ಅವಳೊಬ್ಬಳೇ. ವಿಭಾಗ ಇದ್ದಾಗ ಅವಳ ಎಡಕ್ಕೂ ಬಲಕ್ಕೂ ಕೈ ಪಳಗಿದವರು ಕೂತಿದ್ದರು. ಕಾಲು ನೆಲದ ಮೇಲೆ ಜಾರುತ್ತಿದೆ, ಭುಜ ಬೇಗ ತಿರುಗಿತು, ಸೊಂಟ ಎಲ್ಲಿಂದ ಶುರು ಮಾಡಬೇಕು, ಇದೆಲ್ಲ ಅವಳು ಕಲಿತದ್ದು ಪಕ್ಕದವರ ಪರದೆ ನೋಡಿಯೇ. ಈಗ ಅವಳ ಪಕ್ಕ ಪ್ರೋಗ್ರಾಮರ್ ಇರುತ್ತಾರೆ. ಅವರು ಒಳ್ಳೆಯವರೇ, ಆದರೆ ಅವಳ ತಪ್ಪು ಅವರ ಕಣ್ಣಿಗೆ ಬೀಳುವುದಿಲ್ಲ. ಆಟದ ಪ್ರಕಾರ ಗುಂಪು ಕಟ್ಟಿದರೆ ಆಟ ಬೇಗ ಆಗುತ್ತದೆ ಅನ್ನುವುದು ನಿಜ. ಹೊಸಬರಿಗೆ ಗುರು ಇಲ್ಲದಂತಾಗುತ್ತದೆ ಅನ್ನುವುದೂ ಅಷ್ಟೇ ನಿಜ. ಕಂಪನಿಗಳು ಮೊದಲನೆಯದನ್ನು ಲೆಕ್ಕ ಹಾಕುತ್ತವೆ, ಎರಡನೆಯದನ್ನು ಮರೆಯುತ್ತವೆ.

ಅದಕ್ಕೆ ನಾನು ಕೇಳಿದ್ದು ಒಂದೇ. ವಾರಕ್ಕೊಮ್ಮೆ, ಶನಿವಾರ ಮಧ್ಯಾಹ್ನ, ಮೂರೂ ಗುಂಪಿನ ಅನಿಮೇಟರ್‌ಗಳು ಒಂದು ಕಡೆ ಕೂತು ಒಬ್ಬರ ಕೆಲಸ ಇನ್ನೊಬ್ಬರು ನೋಡಬೇಕು. ಗುಂಪಿನ ಯಾವ ಕೆಲಸವೂ ಆ ಹೊತ್ತನ್ನು ತಿನ್ನಬಾರದು. ಮಾಲೀಕರು, "ಟೈಮ್ ಹೊಂದಸೂದು ಕಷ್ಟ ಐತ್ರಿ ಮೇಡಮ್" ಅಂದರು. ನಾನು ಬಿಡಲಿಲ್ಲ. "ಈ ಹುಡುಗರು ಕಲೀಲಿಕ್ಕೇ ಇಲ್ಲಿ ಉಳದಾರ್ರಿ ಸರ್. ಕಲಿಯೂದು ನಿಂತರ ಪುಣೆಕ್ಕ ಹೋಗತಾರ" ಅಂದೆ. ಟೆಸ್ಟಿಂಗ್ ಮುಖ್ಯಸ್ಥರೂ ನನ್ನ ಜೊತೆ ನಿಂತರು. ಅವರಿಗೂ ತಮ್ಮದೇ ಆತಂಕ ಇತ್ತು. ಟೆಸ್ಟರ್‌ಗಳೆಲ್ಲ ಹಂಚಿಹೋದರೆ, ಕಡಿಮೆ ಬೆಲೆಯ ಹಳೆಯ ಫೋನ್‌ಗಳಲ್ಲಿ ಆಟ ಓಡಿಸಿ ನೋಡುವವರು ಯಾರು? ಆ ಫೋನ್‌ಗಳೆಲ್ಲ ಒಂದೇ ಕಪಾಟಿನಲ್ಲಿವೆ, ಅವುಗಳ ಗುಣ ಗೊತ್ತಿರುವವರು ಇಬ್ಬರೇ. ಆ ಇಬ್ಬರನ್ನು ಯಾವ ಗುಂಪಿಗೂ ಹಾಕದೆ ಎಲ್ಲರಿಗೂ ಸಿಗುವಂತೆ ಇಟ್ಟರು. ಶನಿವಾರದ ಹೊತ್ತೂ ಸಿಕ್ಕಿತು.

ಮರುದಿನವೇ ಟೇಬಲ್‌ಗಳನ್ನು ಎಳೆದಾಡಿದೆವು. ವೈರು, ಧೂಳು, ಗಲಾಟೆ. ಅದನ್ನು ವಿವರಿಸುವಂಥದ್ದೇನಿಲ್ಲ.

ಕುಸ್ತಿ ಗುಂಪಿನಲ್ಲಿ ನನ್ನ ಪಕ್ಕಕ್ಕೆ ಬಂದದ್ದು ಗೋಕಾಕದ ಪ್ರೋಗ್ರಾಮರ್, ಅನಿಮೇಷನ್ ವೇಗ ಎರಡು ಪಟ್ಟು ಮಾಡಿದ್ದ ಅದೇ ಹುಡುಗ. ಹಿಂದೆ ಕುಸ್ತಿ ನೋಡಲು ಗರಡಿಮನೆಗೆ ಹೋದಾಗ ನಾವು ಚಿತ್ರದ ವಿಭಾಗದವರಷ್ಟೇ ಹೋಗಿದ್ದೆವು. ಈ ಸಲ ಅವನನ್ನೂ ಕರೆದುಕೊಂಡು ಹೋದೆ, ಸೌಂಡ್ ಹುಡುಗನನ್ನೂ. ಕುಸ್ತಿ ಕಲಿಸುವ ವಸ್ತಾದರು ಮಣ್ಣಿನ ಪಕ್ಕ ಕುರ್ಚಿ ಹಾಕಿಸಿ ಕೂರಿಸಿದರು. ಹುಡುಗರು ಧೋಬಿ ಪಛಾಡ್, ಅಂದರೆ ಎದುರಾಳಿಯನ್ನು ಬೆನ್ನ ಮೇಲಿಂದ ಎತ್ತಿ ಒಗೆಯುವ ಪಟ್ಟು, ಹಾಕಿ ತೋರಿಸಿದರು. ನಾವು ಫೋನಿನಲ್ಲಿ ನಿಧಾನ ಚಲನೆಯ ವಿಡಿಯೋ ತೆಗೆದುಕೊಂಡೆವು. ಗೋಕಾಕದವನು ನಾನು ಯಾವತ್ತೂ ಕೇಳದ ಪ್ರಶ್ನೆ ಕೇಳಿದ: "ಹಿಡಿಯೂ ಮೊದಲ ನೀವು ಬಗ್ಗತೀರೇನ್ರಿ?" ವಸ್ತಾದರು ನಕ್ಕರು. "ಬಗ್ಗಿದ್ರ ಅವಗ ಗೊತ್ತಾಗತೈತಲ್ಲೋ ತಮ್ಮಾ. ಕೈ ಮೊದಲ ಹೋಗಬೇಕು. ಮೈ ಆಮ್ಯಾಲ ಬರತೈತಿ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಾನು ಪಾಠದಲ್ಲಿ ಕಲಿತ ತಯಾರಿ ನೋಡುವವರಿಗಾಗಿ ಇತ್ತು. ಕುಸ್ತಿಯಲ್ಲಿ ತಯಾರಿಯನ್ನು ಬಚ್ಚಿಡುವುದೇ ಕಸುಬು.

ಆಫೀಸಿಗೆ ಬಂದು ಅವತ್ತೇ ಕೂತೆವು. ಮೊದಲಿನ 12 ಫ್ರೇಮ್‌ಗಳಲ್ಲಿ ಎರಡನ್ನು ಮಾತ್ರ ಉಳಿಸಿದೆ. ಬೆರಳು ಒತ್ತಿದ ತಕ್ಷಣ ಕೈ ಸೊಂಟ ಮುಟ್ಟಿರುತ್ತದೆ. ಭಾರ, ಬಗ್ಗುವಿಕೆ, ಮಣ್ಣು ಚಿಮ್ಮುವುದು ಎಲ್ಲ ಹಿಡಿದ ಮೇಲೆ. ಎದುರಾಳಿ ಎತ್ತರ ಇದ್ದರೂ ಕುಳ್ಳ ಇದ್ದರೂ ಕೈ ಸರಿಯಾಗಿ ಸೊಂಟಕ್ಕೇ ಹೋಗುವಂತೆ ಮೊಣಕೈ ತಾನಾಗಿ ಮಡಿಯುವ ಲೆಕ್ಕವನ್ನು ಗೋಕಾಕದವನು ಬರೆದ. ಇಬ್ಬರು ಪೈಲ್ವಾನರ ನಡುವಿನ ಅಂತರ ಸ್ವಲ್ಪ ಹೆಚ್ಚುಕಡಿಮೆ ಇದ್ದರೆ ಅದನ್ನು ಆ ಎರಡು ಫ್ರೇಮ್‌ಗಳಲ್ಲೇ ಸರಿಹೊಂದಿಸಿದ. ಮೈ ನೆಲಕ್ಕೆ ಬಿದ್ದ ಕ್ಷಣ ಇಡೀ ಆಟವನ್ನು ಮೂರು ಫ್ರೇಮ್ ತಡೆಹಿಡಿದೆವು. ಹಾಗೆ ಮಾಡಿದರೆ ಪೆಟ್ಟು ಜೋರಾಗಿ ಅನಿಸುತ್ತದೆ. ಸೌಂಡ್ ಹುಡುಗ ಗರಡಿಯಲ್ಲಿ ಹಿಡಿದು ತಂದಿದ್ದ ಧಪ್ ಅನ್ನುವ ಸದ್ದನ್ನು ಸರಿಯಾಗಿ ಅಲ್ಲೇ ಕೂರಿಸಿದ. ಟೆಸ್ಟರ್ ನಮ್ಮ ಹಿಂದೆಯೇ ನಿಂತಿದ್ದಳು. ಹಳೆಯ ಫೋನಿನಲ್ಲಿ ಹಾಕಿ ಒತ್ತಿದಳು. ಮತ್ತೆ ಒತ್ತಿದಳು. "ಹಿಡೀತು ನೋಡ್ರಿ!" ಅಂದಳು. ಒಂದೂ ಟಿಕೆಟ್ ಬರೆಯಲಿಲ್ಲ. ಸಂಜೆ ಮಾಲೀಕರು ಕುಂದಾ ತರಿಸಿದರು.

ಎಲ್ಲ ಸರಿಹೋಯಿತು ಅಂತ ಹೇಳಲಾರೆ. ಶನಿವಾರದ ಕೂಟಕ್ಕೆ ಕೆಲವರು ತಪ್ಪಿಸುತ್ತಾರೆ, ನಾನೇ ಹೋಗಿ ಕರೆತರುತ್ತೇನೆ. ಹುಕ್ಕೇರಿ ಹುಡುಗಿ ಮಾತ್ರ ಒಂದು ಸಲವೂ ತಪ್ಪಿಸಿಲ್ಲ. ಈಗ ಅವಳ ಕೆಲಸ ನೋಡಿ ನಾವೂ ಕಲಿಯುತ್ತಿದ್ದೇವೆ. ಬೇಸರ ಇರುವುದು ಹಳೆಯ ಆಟದ ಗುಂಪಿನಲ್ಲಿ. ಕಂಪನಿಗೆ ಸಂಬಳದ ದುಡ್ಡು ತರುವುದು ಅವರ ಆಟ. ಆದರೆ ಮೆಚ್ಚುಗೆ ಎಲ್ಲ ಕುಸ್ತಿ ಆಟಕ್ಕೆ. ಹಬ್ಬದ ಹೊತ್ತಿಗೆ ಹೊಸ ಬಣ್ಣ, ಹೊಸ ಬಹುಮಾನ ಹಾಕುತ್ತಾ ಕೂತವರಿಗೆ, ನಮ್ಮನ್ನು ಮೂಲೆಗೆ ಹಾಕಿದರು ಅನಿಸುವುದು ಸಹಜ. ಇದು ಒಳ್ಳೆಯದಲ್ಲ ಅಂತ ಮಾಲೀಕರಿಗೆ ಹೇಳಿದೆ. ಗುಂಪುಗಳ ನಡುವೆ ಜನ ಅದಲು ಬದಲಾಗಬೇಕು, ಯಾರೂ ಒಂದೇ ಕಡೆ ಹುದುಗಿಹೋಗಬಾರದು ಅಂತ ಕೇಳಿಕೊಂಡೆ. ಅವರು ಒಪ್ಪಿದ್ದಾರೆ. ದೀಪಾವಳಿ ಆದ ಮೇಲೆ ಹಳೆಯ ಆಟದ ಅನಿಮೇಟರ್ ಕುಸ್ತಿ ಗುಂಪಿಗೆ ಬರುತ್ತಾರೆ. ಅವರ ಜಾಗಕ್ಕೆ ನಾನು ಹೋಗುತ್ತೇನೆ ಅಂತ ಹೆಸರು ಕೊಟ್ಟಿದ್ದೇನೆ.