ಜಡೆ ಹಾಕುವಾಗ ಸಿಕ್ಕ ಗಂಟು

ಶರಣಬಸವೇಶ್ವರರ ಜಾತ್ರೆ ಮುಗಿದು ಎರಡು ವಾರವಾಗಿತ್ತು. ಕಲಬುರಗಿಯ ಬಿಸಿಲು ಬೆಳಿಗ್ಗೆ ಎಂಟಕ್ಕೇ ನೆತ್ತಿ ಸುಡುತ್ತಿತ್ತು. ಮಗಳಿಗೆ ಜಡೆ ಹಾಕುತ್ತಿದ್ದಾಗ ಹೆಡಕಿನ ಮೇಲೆ, ಕೂದಲಂಚಿನಲ್ಲಿ, ಕಡಲೆಕಾಳಿನಷ್ಟು ಗಂಟು ಬೆರಳಿಗೆ ತಗಲಿತು. ಒತ್ತಿದರೆ ಜಾರುತ್ತಿತ್ತು. ಕಿವಿಯ ಹಿಂದೆ ಮತ್ತೊಂದು.

"ಬಿಡವಾ, ಬ್ಯಾನಿ ಆಗ್ತದ" ಎಂದಳು.

ಅತ್ತೆ ಮುಟ್ಟಿ ನೋಡಿ, "ಗಂಡಮಾಲಿ ಇರಬೇಕು" ಅಂದೇಬಿಟ್ಟರು. ಕುತ್ತಿಗೆಗೆ ಸಾಲಾಗಿ ಗಂಟೆದ್ದು, ಒಡೆದು ಸೋರುತ್ತಿದ್ದವರನ್ನು ಅವರು ಕಂಡಿದ್ದಾರೆ. ಕ್ಷಯ ಗ್ರಂಥಿಗಳಿಗೂ ಬರುತ್ತದಲ್ಲ, ಅವರ ಭಯ ಸುಳ್ಳೇನಲ್ಲ. ನಾನಂತೂ ಮೊಬೈಲ್ ತೆಗೆದು ಕ್ಯಾನ್ಸರ್‌ವರೆಗೆ ಹೋಗಿ ಬಂದೆ. ಯಜಮಾನರು ಚಹಾ ಕುಡಿದು ಅಂಗಡಿಗೆ ಹೋದರು.

ಸಂಜೆ ಡಾಕ್ಟರು ಜ್ವರ, ಕೆಮ್ಮು, ತೂಕ ಎಲ್ಲ ಕೇಳಿದರು. ದವಡೆಯ ಕೆಳಗೆ, ಕಂಕುಳಲ್ಲಿ, ಕೊರಳೆಲುಬಿನ ಮೇಲಿನ ಗುಳಿಯಲ್ಲಿ ಬೆರಳಾಡಿಸಿದರು. ಆಮೇಲೆ, "ತಲಿ ಭಾಳ ಕೆರಕೋತಾಳೇನವಾ?" ಎನ್ನುತ್ತ ನಾನು ಬಿಗಿಯಾಗಿ ಹೆಣೆದಿದ್ದ ಜಡೆ ಬಿಚ್ಚಿ ಕೂದಲು ಸೀಳಿದರು. ಟ್ಯೂಬ್‌ಲೈಟಿನ ಬೆಳಕಿಗೆ ಸೀರು ಬೆಳ್ಳಗೆ ಕಂಡವು. ಎರಡು ಹೇನು ಹರಿದಾಡಿದವು. ಬುಡದಲ್ಲಿ ಕೆರೆದು ಆದ ಹುಣ್ಣು, ಮೇಲೆ ಹಳದಿ ಹಕ್ಕಳೆ. ದಿನಾ ಎಣ್ಣೆ ಹಚ್ಚುವ ನಾನು ಬೈತಲೆ ನೆಟ್ಟಗಿದೆಯೇ ಎಂದಷ್ಟೇ ನೋಡುತ್ತಿದ್ದೆ. ನಾಚಿಕೆಯಾಯಿತು.

ಡಾಕ್ಟರು ಹೇಳಿದರು: "ಈ ಗಂಟು ಅಂದ್ರ ಊದಿದ ದುಗ್ಧಗ್ರಂಥಿ, ಸೋಂಕು ತಡಿಯೋ ಲಿಂಫ್ ಗ್ರಂಥಿ. ಮೈಯಾಗ ಇಂಥ ಗ್ರಂಥಿ ಸುಮಾರು 600 ಅದಾವ. ಒಂದೊಂದಕ್ಕ ಒಂದೊಂದು ಓಣಿ ಕಾವಲು. ತಲಿ ಹುಣ್ಣಾದ್ರ ಹೆಡಕಿಗೆ, ಹಲ್ಲು, ಗಂಟಲಿಗೆ ಏನಾದ್ರೂ ಆದ್ರ ದವಡಿ ಕೆಳಗ."

ಆಗ ಅಪ್ಪ ನೆನಪಾದರು. ತೊಗರಿ ಹೊಲದಲ್ಲಿ ಕೂಳೆ ಚುಚ್ಚಿ ಅಂಗಾಲು ಕೀವಾದಾಗಲೆಲ್ಲ ಅವರ ತೊಡೆಸಂದಿಯಲ್ಲಿ ಗಡ್ಡೆ ಕಟ್ಟುತ್ತಿತ್ತು. ಕಾಲು ಮಾಯ್ದರೆ ಅದೂ ಕರಗುತ್ತಿತ್ತು. ಊರಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ, ಪಟ್ಟಣಕ್ಕೆ ಬಂದು ಮರೆತಿದ್ದೆ.

ಮುಟ್ಟಿದರೆ ನೋಯುವ, ಜಾರುವ ಗಂಟು ಹೆಚ್ಚಾಗಿ ಸೋಂಕಿನದಂತೆ. ಕಲ್ಲಿನಂತೆ ಗಟ್ಟಿಯಾಗಿ, ಅಲುಗದೆ, ನೋವಿಲ್ಲದೆ ಬೆಳೆಯುತ್ತಿದ್ದರೆ, ಕೊರಳೆಲುಬಿನ ಮೇಲೆ ಬಂದರೆ, ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಇದ್ದರೆ ತಡಮಾಡದೆ ತೋರಿಸಬೇಕು. ಆಗ ಸೂಜಿ ಹಾಕಿ ಪರೀಕ್ಷಿಸುತ್ತಾರೆ. ನಮಗೆ ಹುಣ್ಣಿಗೆ ಮಾತ್ರೆ, ಹೇನಿಗೆ ಲೋಷನ್ ಬರೆದರು. ವಾರ ಬಿಟ್ಟು ಮತ್ತೊಮ್ಮೆ ಹಚ್ಚಬೇಕು, ಮನೆಮಂದಿಯ ತಲೆಯೂ ನೋಡಬೇಕು. ಹುಣ್ಣು ವಾರದಲ್ಲಿ ಒಣಗಿತು. ಗಂಟು ತೊಗರಿಕಾಳಿನಷ್ಟಾಗಲು ತಿಂಗಳೇ ಹಿಡಿಯಿತು.

ಜಾತ್ರೆಗೆ ಬಂದ ತಂಗಿಯ ಮಕ್ಕಳೊಂದಿಗೆ ಇವಳು ಒಂದೇ ಹಾಸಿಗೆಯಲ್ಲಿ ಮಲಗಿದ್ದಳು. ಹೇಗೆ ಹೇಳುವುದೆಂದು ಅಳುಕುತ್ತಲೇ ತಂಗಿಗೆ ಫೋನ್ ಮಾಡಿದೆ.

"ಅಯ್ಯ ಅಕ್ಕಾ, ನಾನೇ ಫೋನ್ ಮಾಡ್ಬೇಕಂತಿದ್ದೆ" ಎಂದಳು. "ನಿಮ್ಮನಿಗೆ ಬಂದು ಹೋದಾಗಿಂದ ನಮ್ಮ ಹುಡುಗೂರ ತಲಿ ತುಂಬಾ ಹೇನು!"