ತೂಕದಲ್ಲಿ ಹೆಚ್ಚಿದ್ದದ್ದೇ ಮೊದಲು ಮುಗಿದರೆ?

ಲಿಮಿಟಿಂಗ್ ರೀಏಜೆಂಟ್ (ಮೊದಲು ಮುಗಿದು ಕ್ರಿಯೆಯನ್ನು ನಿಲ್ಲಿಸುವ ವಸ್ತು) ಅಂದರೇನು ಅಂತ ದಾವಣಗೆರೆಯ ಹುಡುಗರಿಗೆ ಒಂದೇ ಮಾತಲ್ಲಿ ಹೇಳಬಹುದು: ಹಿಟ್ಟು ಎಷ್ಟಿದ್ದರೇನು, ಬೆಣ್ಣೆ ಮುಗಿದರೆ ಬೆಣ್ಣೆ ದೋಸೆ ನಿಂತಂತೆ. ಆದರೆ ಪ್ರಥಮ ಪಿಯುಸಿ ಲೆಕ್ಕದಲ್ಲಿ ಈ ಹೋಲಿಕೆ ಹೆಚ್ಚು ದೂರ ಬರುವುದಿಲ್ಲ. ಅಲ್ಲಿ ಕೊಡುವುದು ತೂಕ, ಕ್ರಿಯೆ ನಡೆಯುವುದು ಮೋಲ್ ಲೆಕ್ಕದಲ್ಲಿ, ಅಂದರೆ ಕಣಗಳ ಎಣಿಕೆಯಲ್ಲಿ.

ಚಿತ್ರದುರ್ಗದ ಪಕ್ಕದ ಇಂಗಳದಾಳಿನಲ್ಲಿ ತಾಮ್ರದ ಗಣಿ ಇತ್ತಲ್ಲ, ಉದಾಹರಣೆಗೆ ತಾಮ್ರವನ್ನೇ ತೆಗೆದುಕೊಳ್ಳೋಣ. ಅದಿರಿನಿಂದ ತಾಮ್ರ ತೆಗೆಯುವಾಗ ಕೊನೆಯ ಹಂತದಲ್ಲಿ ನಡೆಯುವ ಕ್ರಿಯೆ ಇದು:

1 ಕ್ಯೂಪ್ರಸ್ ಸಲ್ಫೈಡ್ + 2 ಕ್ಯೂಪ್ರಸ್ ಆಕ್ಸೈಡ್ → 6 ತಾಮ್ರ + 1 ಸಲ್ಫರ್ ಡೈಆಕ್ಸೈಡ್

ಸಲ್ಫೈಡ್ 318 ಕೆಜಿ, ಆಕ್ಸೈಡ್ 429 ಕೆಜಿ ಇದೆ ಅನ್ನಿ. ಮೋಲಾರ್ ದ್ರವ್ಯರಾಶಿ (ಒಂದು ಕಿಲೋಮೋಲ್, ಅಂದರೆ ಸಾವಿರ ಮೋಲ್, ಎಷ್ಟು ಕೆಜಿ ತೂಗುತ್ತದೆ ಎಂಬುದು) ಕ್ರಮವಾಗಿ 159 ಮತ್ತು 143. ಭಾಗಿಸಿದರೆ ಸಲ್ಫೈಡ್ 2 ಕಿಲೋಮೋಲ್, ಆಕ್ಸೈಡ್ 3 ಕಿಲೋಮೋಲ್. ಬಹಳ ಜನ ಎಡವುವುದು ಇಲ್ಲೇ: ತೂಕದಲ್ಲೂ ಮೋಲ್‌ನಲ್ಲೂ ಸಲ್ಫೈಡೇ ಕಡಿಮೆ, ಹಾಗಾಗಿ ಅದೇ ಲಿಮಿಟಿಂಗ್ ಎಂದು ಬರೆದುಬಿಡುತ್ತಾರೆ. ತಪ್ಪು. ಸಮೀಕರಣದ ಗುಣಾಂಕದಿಂದ (ಹೆಸರಿನ ಮುಂದಿರುವ ಅಂಕಿಯಿಂದ) ಇನ್ನೊಮ್ಮೆ ಭಾಗಿಸಬೇಕು. ಸಲ್ಫೈಡ್ 2÷1 = 2, ಆಕ್ಸೈಡ್ 3÷2 = 1.5. ಮೊದಲು ಮುಗಿಯುವುದು ಆಕ್ಸೈಡ್.

ಮುಂದಿನದೆಲ್ಲ ಆ 1.5ರಿಂದಲೇ. ತಾಮ್ರ 9 ಕಿಲೋಮೋಲ್, ಅಂದರೆ 571.5 ಕೆಜಿ. ಸಲ್ಫರ್ ಡೈಆಕ್ಸೈಡ್ 96 ಕೆಜಿ. ಉಳಿಯುವ ಸಲ್ಫೈಡ್ 0.5 ಕಿಲೋಮೋಲ್, 79.5 ಕೆಜಿ. ಮೂರನ್ನೂ ಕೂಡಿದರೆ 747, ಹಾಕಿದ್ದೂ 747. ಉತ್ತರಪತ್ರಿಕೆಯ ಅಂಚಿನಲ್ಲಿ ಈ ಕೂಡುವಿಕೆಯನ್ನು ಮಾಡಿಯೇ ಮುಂದೆ ಹೋಗಿ. ಅರ್ಧ ನಿಮಿಷದ ಕೆಲಸ, ಆದರೆ ಉಳಿಕೆಯನ್ನು ತಪ್ಪಾಗಿ ಕಳೆದಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ.

ತೂಕದ ಬದಲು ದ್ರಾವಣ ಕೊಟ್ಟರೆ ಮೊಲಾರಿಟಿಯನ್ನು (ಒಂದು ಲೀಟರ್‌ನಲ್ಲಿರುವ ಮೋಲ್) ಲೀಟರ್‌ನಿಂದ ಗುಣಿಸಿ ಮೋಲ್ ತೆಗೆಯಿರಿ. ಮಿಲಿಲೀಟರ್‌ನಿಂದ ಗುಣಿಸಿದರೆ ಬರುವುದು ಮಿಲಿಮೋಲ್. ಉಳಿದದ್ದೆಲ್ಲ ಹಾಗೆಯೇ.

ಶುದ್ಧತೆಯ ಪ್ರಶ್ನೆ ಸ್ವಲ್ಪ ಮಜಾ. ಆಕ್ಸೈಡ್ ಶೇ 90 ಮಾತ್ರ ಶುದ್ಧವಾಗಿದ್ದರೆ 2.7 ಕಿಲೋಮೋಲ್ ಸಿಗುತ್ತದೆ, ತಾಮ್ರ 514.35 ಕೆಜಿಗೆ ಇಳಿಯುತ್ತದೆ. ಅದೇ ಶೇ 90 ಸಲ್ಫೈಡಿಗೆ ಅನ್ವಯಿಸಿದರೆ? 1.8 ಇನ್ನೂ 1.5ಕ್ಕಿಂತ ಹೆಚ್ಚು, ತಾಮ್ರ 571.5 ಕೆಜಿಯೇ, ಕಡಿಮೆಯಾಗುವುದು ಉಳಿಕೆ ಮಾತ್ರ. ಸಲ್ಫೈಡಿನ ಶುದ್ಧತೆ ಶೇ 75ಕ್ಕಿಂತ ಕೆಳಗೆ ಹೋದಾಗ ಲಿಮಿಟಿಂಗ್ ಪಟ್ಟ ಅದಕ್ಕೆ ಬರುತ್ತದೆ. ಆದ್ದರಿಂದ ಅಶುದ್ಧ ಭಾಗವನ್ನು ಹೋಲಿಕೆಗೆ ಮೊದಲೇ ಕಳೆಯಬೇಕು, ಇಳುವರಿಯ ಶೇಕಡಾವನ್ನು (ಲೆಕ್ಕದಲ್ಲಿ ಬಂದದ್ದರಲ್ಲಿ ನಿಜವಾಗಿ ಸಿಕ್ಕ ಪಾಲು) ಕೊಟ್ಟಿದ್ದರೆ ಅದನ್ನು ಕೊನೆಯಲ್ಲಿ ಗುಣಿಸಬೇಕು.